ಮುಂದಕ್ಕೆ ಹೋಗೋ ಗಾಡಿ, ಹಿಂದಕ್ಕೆ ಹಾಡೋ ಹಾರ್ನು

“ಗಾಡಿ ಮುಂದಕ್ಕೆ ಹೋಗ್ತಾ ಇದೆ, 80ರಲ್ಲಿ. ಹಿಂದ್ಗಡೆ ಬಿಳಿ ಲೈಟು ಉರೀತಾ ಇದೆ, ರಿವರ್ಸ್ ಹಾರ್ನು ಹಾಡ್ತಾ ಇದೆ. ಇದಕ್ಕೇನಂತೀರಿ?” ಅಂದರು ಗೌಡ್ರು.

“ಶಾಂತಿ ಮಾಡಿಸ್ಬೇಕು ಮಾರಾಯ್ರೆ,” ಅಂದ ಭಟ್ಟ.

ಸೀನ ಮಾತ್ರ ನಗಲಿಲ್ಲ. ವೈರು, ಸೋಲ್ಡರು ಅಂದರೆ ಅವನ ಮುಖಕ್ಕೆ ತಾನಾಗಿ ಒಂದು ಡಾಕ್ಟರ ಕಳೆ ಬರುತ್ತೆ. “ಕ್ಯಾಮೆರಾಗೆ ಸ್ವಿಚ್ ಹಾಕ್ಸಿದ್ರಾ?” ಅಂದ.

ಹಾಕಿಸಿದ್ದರು. ರಿಟೈರಾದ ಮೇಲೆ ಗೌಡ್ರು ಹಳೇ ಟೆಂಪೋ ಟ್ರಾವೆಲರ್ ಒಂದನ್ನು ಕೊಂಡು, ಸೀಟೆಲ್ಲ ಕಿತ್ತು, ಮಂಚ, ಒಲೆ, ಪರದೆ ಎಲ್ಲ ಕೂರಿಸಿ ‘ಕ್ಯಾಂಪರ್’ ಮಾಡಿಕೊಂಡಿದ್ದಾರೆ. (ಆರ್‌ಟಿಓ ವಿಷಯ ಎತ್ತಬೇಡಿ. ನಾವು ಎತ್ತಿದಾಗೆಲ್ಲ ಅವರು ಕಾಫಿ ತರಿಸಿ ಮಾತು ಮರೆಸುತ್ತಾರೆ.) ಹಿಂದಿನ ಗಾಜಿಗೆ ಅಡ್ಡವಾಗಿ ಅಡುಗೆ ಬೀರು ಬಂದು ಕೂತಿದೆ. ಒಳಗಿನ ಕನ್ನಡಿಯಲ್ಲಿ ಕಾಣೋದು ರಸ್ತೆಯಲ್ಲ, ಗೌಡ್ತಿಯವರ ಉಪ್ಪಿನಕಾಯಿ ಜಾಡಿ. ಅದಕ್ಕೇ ಹಿಂದೊಂದು ಕ್ಯಾಮೆರಾ, ಮುಂದೊಂದು ಪುಟ್ಟ ಮಾನಿಟರ್.

“ಆದ್ರೆ ರಿವರ್ಸ್ ಗೇರ್ ಹಾಕಿದಾಗ ಮಾತ್ರ ಚಿತ್ರ ಬರೋದು ಕಣಪ್ಪ,” ಅಂದರು ಗೌಡ್ರು. “ಹೈವೇನಲ್ಲಿ ಹಿಂದೆ ಲಾರಿ ಇದ್ಯೋ ಇಲ್ವೋ ನಂಗೆ ಗೊತ್ತಾಗ್ಬೇಡ್ವಾ? ಹೋಗೋವಾಗ್ಲೂ ಕಾಣೋ ಹಾಗೆ ಒಂದು ಸ್ವಿಚ್ ಹಾಕಯ್ಯ ಅಂದೆ. ಎಲೆಕ್ಟ್ರಿಷಿಯನ್ ಕಾಲು ಗಂಟೆಯಲ್ಲಿ ಹಾಕಿ, ಕೈ ಒರೆಸ್ಕೊಂಡು ಹೋದ.”

ಅಷ್ಟಾದ ಮೇಲೆ ಹಾಸನದ ಕಡೆ ಹೊರಟಿದ್ದಾರೆ. ನೆಲಮಂಗಲ ದಾಟಿ ಸ್ವಿಚ್ ಒತ್ತಿದರೆ ಮಾನಿಟರಿನಲ್ಲಿ ಹಿಂದಿನ ರಸ್ತೆ ಸೊಗಸಾಗಿ ಕಂಡಿದೆ. ಆದರೆ ಒಂದು ಗಾಡಿಯೂ ಹತ್ತಿರ ಬರುತ್ತಿಲ್ಲ. ಕುಣಿಗಲ್‌ವರೆಗೂ ಎಲ್ಲರೂ ದೂರದೂರ.

“ಇವರು ಏನಂದ್ರು ಗೊತ್ತಾ?” ಅಂದರು ಗೌಡ್ತಿ, ಒಳಗಿನಿಂದ ಚಕ್ಕುಲಿ ತರುತ್ತಾ. “ನೋಡು, ಜನಕ್ಕೆ ಈಗ ಶಿಸ್ತು ಬಂದಿದೆ ಅಂದ್ರು. ಎಲ್ಲೋ ಹಾಡು ಬರ್ತಾ ಇದೆ ಅಂದೆ. ಪಕ್ಕದ ಊರಲ್ಲಿ ಮದುವೆ ಇರ್ಬೇಕು ಅಂದ್ರು. ಅರವತ್ತು ಕಿಲೋಮೀಟರ್ ಉದ್ದದ ಮದುವೆ!”

ಬೆಳ್ಳೂರು ಕ್ರಾಸಿನಲ್ಲಿ ಟೀಗೆ ನಿಲ್ಲಿಸಿದಾಗ ಒಬ್ಬ ಲಾರಿ ಡ್ರೈವರ್ ಬಂದು, “ಯಜಮಾನ್ರೆ, ನೀವು ಹೋಗ್ತಿದೀರೋ ಬರ್ತಿದೀರೋ?” ಅಂತ ಕೇಳಿದ ಮೇಲೇ ವಿಷಯ ಬಯಲಾಗಿದ್ದು.

ಸೀನ ಚಕ್ಕುಲಿ ಮುರಿದು ತಟ್ಟೆಯ ಮೇಲೆ ನಕ್ಷೆ ಜೋಡಿಸಿದ. “ಇದು ಹಿಂದಿನ ರಿವರ್ಸ್ ಲೈಟು. ಕ್ಯಾಮೆರಾಗೆ ಕರೆಂಟು ಸಿಗೋದು ಇದ್ರಿಂದ. ವಿಡಿಯೋ ಕೇಬಲ್ ಜೊತೆಗೇ ಒಂದು ತೆಳ್ಳನೆ ಕೆಂಪು ವೈರ್ ಹಿಂದಿನಿಂದ ಮುಂದಕ್ಕೆ ಬರುತ್ತಲ್ಲ, ಅದು ಮಾನಿಟರಿಗೆ ‘ಏಳು, ರಿವರ್ಸ್ ಬಿತ್ತು’ ಅಂತ ಹೇಳೋದು. ನಿಮ್ಮ ಎಲೆಕ್ಟ್ರಿಷಿಯನ್ ಸ್ವಿಚ್ಚಿನ ಕರೆಂಟನ್ನ ಮುಂದುಗಡೆ ಆ ಕೆಂಪು ವೈರಿಗೇ ಸೇರಿಸಿದಾನೆ. ಅದು ಹಿಂದಕ್ಕೆ ಹೋಗಿ ಕ್ಯಾಮೆರಾನೂ ಎಬ್ಬಿಸ್ತು, ಅಲ್ಲಿಂದ ಇನ್ನೊಂದು ಹೆಜ್ಜೆ ಇಟ್ಟು ಲೈಟು, ಹಾರ್ನು ಎರಡನ್ನೂ ಎಬ್ಬಿಸ್ತು.”

“ಕ್ಯಾಮೆರಾ ಹತ್ರಾನೇ ನಿಲ್ಬಾರದಾಗಿತ್ತಾ?” ಅಂದರು ಗೌಡ್ರು.

“ಕರೆಂಟಿಗೆ ದಾರಿ ಕಂಡ್ರೆ ಆಯ್ತು ಸಾರ್, ಮರ್ಯಾದೆ ಇಲ್ಲ. ಹಳೇ ಗಾಡಿ, ಒಂದೊಂದು ಬಲ್ಬು 21 ವ್ಯಾಟ್ ಇರುತ್ತೆ. ಎರಡು ಸೇರಿ 42. 12 ವೋಲ್ಟಿಂದ ಭಾಗಿಸಿ, ಮೂರೂವರೆ ಆಂಪಿಯರ್. ಕ್ಯಾಮೆರಾಗೆ ಬೇಕಾಗಿದ್ದು ಅದರಲ್ಲಿ ಚೂರುಪಾರು. ಅಷ್ಟೂ ಆ ದಾರದಂಥ ವೈರಲ್ಲಿ ಹರೀತು. ಫ್ಯೂಸ್ ಹಾಕಿದ್ನಾ?”

“ಅಷ್ಟು ಸಣ್ಣ ಕೆಲಸಕ್ಕೆ ಯಾಕೆ ಅಂದ.”

“2 ಆಂಪಿಯರಿಂದು ಒಂದು ಫ್ಯೂಸ್ ಇದ್ದಿದ್ರೆ ನೆಲಮಂಗಲದಲ್ಲೇ ಟಪ್ ಅಂದಿರೋದು. ಮೆರವಣಿಗೆ ತಪ್ತಿತ್ತು.”

ನನ್ನನ್ನು ಕೇಳಿದರೆ ಈ ಇಡೀ ಕಥೆಯಲ್ಲಿ ತಪ್ಪಿತಸ್ಥ ಸ್ವಿಚ್ಚಲ್ಲ, ಹಾಕದೇ ಬಿಟ್ಟ ಆ ಫ್ಯೂಸು. ಭಟ್ಟನ ವಾದ ಬೇರೆ. ಹಾರ್ನು ಕಿತ್ತುಹಾಕಿದರೆ ಸಾಕು, ಲೈಟು ಉರಿದರೆ ಉರಿಯಲಿ, ಹಿಂದಿನವರಿಗೆ ದಾರಿ ಕಾಣುತ್ತೆ ಅಂದ. ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ.

“ಡಯೋಡ್ ಹಾಕೋಣ,” ಅಂದ ಸೀನ. “1ಎನ್4007. ಎಸ್.ಪಿ. ರೋಡಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತೆ. ರಿವರ್ಸ್ ಲೈಟಿಗೂ ಕ್ಯಾಮೆರಾಗೂ ನಡುವೆ, ಬೆಳ್ಳಿ ಗೆರೆ ಕ್ಯಾಮೆರಾ ಕಡೆಗೆ. ಒನ್‌ವೇ ರಸ್ತೆ ತುದೀಲಿ ಪೊಲೀಸ್ ನಿಂತ ಹಾಗೆ. ಲೈಟಿಂದ ಕ್ಯಾಮೆರಾಗೆ ಬರಬಹುದು, ಕ್ಯಾಮೆರಾ ಕಡೆಯಿಂದ ಲೈಟಿಗೆ ವಾಪಸ್ ಹೋಗೋ ಹಾಗಿಲ್ಲ. ಮುಕ್ಕಾಲು ವೋಲ್ಟ್ ತಿನ್ನುತ್ತೆ, ತಿನ್ಲಿ.”

“ನಾನು ಹೊಸ ಸ್ವಿಚ್ಚೇ ತಂದಿದೀನಿ,” ಅಂತ ಗೌಡ್ರು ಜೇಬಿಂದ ತೆಗೆದರು. ಜೆ.ಸಿ. ರೋಡಿನ ಮಾಲು, ಒತ್ತಿದರೆ ಕೆಂಪಗೆ ಹೊಳೆಯುವಂಥದ್ದು. “ಮೂರು ಕಾಲಿದೆ ನೋಡು. ಒಂದಕ್ಕೆ ರಿವರ್ಸ್, ಒಂದಕ್ಕೆ ಬ್ಯಾಟರಿ, ನಡುವಿನದು ಕ್ಯಾಮೆರಾ. ಟೂ-ವೇ!”

ಸೀನ ಸ್ವಿಚ್ಚನ್ನು ಕಸಿದುಕೊಂಡ. “ಟೂ-ವೇ ಅಲ್ಲ ಸಾರ್! ಇದರ ಮೂರನೇ ಕಾಲು ಅರ್ಥಿಂಗು, ಒಳಗಿನ ದೀಪಕ್ಕೆ. ಕಾಲು ಅದಲುಬದಲಾಗಿ ಕ್ಯಾಮೆರಾ ಕಾಲಿಗೆ ಅರ್ಥ್ ಕೊಟ್ರೆ, ಒತ್ತಿದ ತಕ್ಷಣ ನೇರ ಶಾರ್ಟು. ಫ್ಯೂಸ್ ಬೇರೆ ಇಲ್ಲ ಅಂತೀರಿ!”

“ಆಮೇಲೆ ಕರೆಂಟು ಸೀದಾ ಬ್ಯಾಟರಿಯಿಂದ ತಗೋತೀನಿ,” ಗೌಡ್ರು ಬಿಡಲಿಲ್ಲ. “ಸಕಲೇಶಪುರದ ತೋಟದಲ್ಲಿ ನಿಲ್ಸಿದಾಗ ರಾತ್ರಿ ಹಿಂದೆ ಆನೆ ಬಂದ್ರೆ ಕಾಣ್ಬೇಕು.”

“ಕಂಡ್ರೆ ಏನ್ಮಾಡ್ತೀರಿ?” ಅಂದ ಭಟ್ಟ.

ಆ ಭಾಗ ಗೌಡ್ರು ಇನ್ನೂ ಯೋಚಿಸಿರಲಿಲ್ಲ. ಸೀನ ಲೆಕ್ಕ ಒಪ್ಪಿಸಿದ: ಕ್ಯಾಮೆರಾ, ಮಾನಿಟರ್ ಸೇರಿ ಅರ್ಧ ಆಂಪಿಯರ್ ಅಂದರೂ ದಿನಕ್ಕೆ 12 ಆಂಪಿಯರ್-ಅವರ್. ಆಫ್ ಮಾಡೋದು ಮರೆತು ಮೂರು ದಿನ ನಿಲ್ಲಿಸಿದರೆ 36. ಆಮೇಲೆ ಗಾಡಿ ತಳ್ಳೋಕೆ ಆ ಆನೆಯನ್ನೇ ಕರೆಯಬೇಕು. ಆದ್ದರಿಂದ ಕೀ ತಿರುಗಿಸಿದಾಗ ಮಾತ್ರ ಬರೋ ಲೈನಿಂದಲೇ ತಗೋಬೇಕು, ಅಲ್ಲೇ ಬುಡದಲ್ಲಿ ಫ್ಯೂಸು.

ಇಷ್ಟೊತ್ತು ಸುಮ್ಮನಿದ್ದ ಗೌಡ್ತಿ ಕೇಳಿದರು: “ಅಲ್ಲಪ್ಪ ಸೀನ, ಸ್ವಿಚ್ ಹಾಕಿದ ಮೇಲೆ ಕ್ಯಾಮೆರಾಗೂ ರಿವರ್ಸ್ ಲೈಟಿಗೂ ಸಂಬಂಧ ಯಾಕಿರ್ಬೇಕು? ಹಿಂದೆ ಆ ಜಾಯಿಂಟ್ ಬಿಚ್ಚಿ ಟೇಪ್ ಸುತ್ತಿದ್ರೆ ಆಗಲ್ವಾ? ಕೆಂಪು ವೈರು ಹೇಗೂ ಮುಂದಿನಿಂದ ಹಿಂದಿನವರೆಗೂ ಇದ್ಯಲ್ಲ.”

ಸೀನ ಚಕ್ಕುಲಿ ನಕ್ಷೆಯನ್ನು ನೋಡಿದ. ಲೈಟಿನ ಚಕ್ಕುಲಿ ಎತ್ತಿ ಬಾಯಿಗೆ ಹಾಕಿಕೊಂಡ. ನಕ್ಷೆಗೆ ಏನೂ ಆಗಲಿಲ್ಲ. “ಆಗುತ್ತೆ ಆಂಟಿ,” ಅಂದ, ಅಗಿಯುತ್ತಾ. “ಡಯೋಡೂ ಬೇಡ. ಆದ್ರೆ ರಿವರ್ಸ್ ತಗೊಳ್ಳೋವಾಗ ಸ್ವಿಚ್ ಒತ್ತೋದು ಮಾತ್ರ ನೆನಪಿರ್ಬೇಕು.”

“ಇವರಿಗಾ? ನೆನಪಾ?” ಗೌಡ್ತಿ ತಟ್ಟೆ ಎತ್ತಿಕೊಂಡರು. “ಅದನ್ನ ನನ್ನ ಸೀಟ್ ಪಕ್ಕಕ್ಕೆ ಹಾಕು. ಇವರ ಕೈಗೆ ಕೊಟ್ರೆ ಹಿಂದೆ ಬರೋರನ್ನೇ ನೋಡ್ತಾ ಮುಂದೆ ನೋಡೋದು ಬಿಟ್ಬಿಡ್ತಾರೆ.”

ಗೌಡ್ರು ನಮ್ಮ ಮುಖ ನೋಡಿದರು. ಸೀನ ಸಾಮಾನಿನ ಚೀಟಿಯಲ್ಲಿ ‘ಡಯೋಡ್’ ಹೊಡೆದುಹಾಕಿ, ‘ವೈರ್ ಒಂದೂವರೆ ಮೀಟರ್ ಜಾಸ್ತಿ’ ಅಂತ ಬರೆದುಕೊಂಡ.