‘ಹಿಡ್ಕೊಂಡಿದೀನಿ, ಬನ್ನಿ’

ತಮ್ಮಾ, ನಿನ್ನ ಮೆಸೇಜ್ ಬೆಳಿಗ್ಗೆನೇ ನೋಡಿದೆ. ‘ಅಕ್ಕನಿಗೆ ನಾಯಿ ಕಂಡ್ರೆ ಆಗಲ್ಲ, ಅದಕ್ಕೇ ಪೂಜೆ ದಿನ ಊಟನೂ ಮಾಡದೆ ಅಮ್ಮನ್ನ ಕರ್ಕೊಂಡು ಎದ್ದು ಹೋದ್ರು’ ಅಂತ ಹಾಕಿದ್ದೀಯ. ನೀನು ಗ್ರೂಪಿನಲ್ಲಿ ಹೇಳಿದ್ದರಿಂದ ನಾನೂ ಇಲ್ಲೇ ಹೇಳುತ್ತೇನೆ. ಎರಡು ಸಲ ವಾಯ್ಸ್ ಮೆಸೇಜ್ ಮಾಡಲು ಹೋದೆ, ಗಂಟಲು ಕಟ್ಟಿತು. ಅದಕ್ಕೇ ಮಾತಾಡಿದ ಹಾಗೇ ಬರೆಯುತ್ತಿದ್ದೇನೆ. ಉದ್ದ ಇದೆ, ದಯವಿಟ್ಟು ಪೂರ್ತಿ ಓದು.

ಆ ದಿನ ನೀನು ಒಳಗೆ ಪುರೋಹಿತರ ಹತ್ತಿರ ಕೂತಿದ್ದೆ, ನಿನಗೆ ಏನೂ ಕಾಣಲಿಲ್ಲ. ನಾವು ಗೇಟು ತೆಗೆದು ಬಾಗಿಲ ಹತ್ತಿರ ಬಂದೆವು. ಅಮ್ಮ ಚಪ್ಪಲಿ ಬಿಡಲು ಒಂದು ಕಾಲು ಎತ್ತಿದ್ದರು. ಅಷ್ಟರಲ್ಲಿ ನಿಮ್ಮ ನಾಯಿ ಬ್ರೂನೋ ಹಾಲ್‌ನಿಂದ ಓಡಿ ಬಂದು ಎರಡೂ ಮುಂಗಾಲು ಅವರ ಎದೆ ಮೇಲೆ ಇಟ್ಟಿತು. 30 ಕೆಜಿ ತೂಗುವ ಲ್ಯಾಬ್ರಡಾರ್ ಅದು. ಅಮ್ಮನಿಗೆ 76 ವರ್ಷ. ಮಂಡಿ ಆಪರೇಷನ್ ಆಗಿ ಇನ್ನೂ ಎಂಟು ತಿಂಗಳು. ಬಾಗಿಲ ಚೌಕಟ್ಟು ಕೈಗೆ ಸಿಗದಿದ್ದರೆ ಮೆಟ್ಟಿಲ ಮೇಲೆ ಹಿಂದಕ್ಕೆ ಬೀಳುತ್ತಿದ್ದರು. ನನ್ನ ಕೈಯಲ್ಲಿದ್ದ ಹೂವಿನ ಬುಟ್ಟಿ ಎಲ್ಲಿ ಬಿತ್ತೋ ನನಗೇ ಗೊತ್ತಿಲ್ಲ. ಸೋಫಾ ಮೇಲೆ ಕೂತಿದ್ದವರು ಯಾರೂ ಎದ್ದು ಬರಲಿಲ್ಲ. ‘ಏನೂ ಮಾಡಲ್ಲ ಅಜ್ಜಿ, ಬನ್ನಿ, ಆಟ ಆಡ್ತಿದೆ ಅಷ್ಟೆ’ ಅಂದ ನಿನ್ನ ಮಗ.

ಅಮ್ಮನೂ ನಕ್ಕರು. ಆದರೆ ಆಮೇಲೆ ಸೆರಗಿನಲ್ಲಿ ಕೈ ಮುಚ್ಚಿಕೊಂಡೇ ಕೂತಿದ್ದರು. ಸರಿಸಿ ನೋಡಿದರೆ ಉಗುರು ತರಚಿ ರಕ್ತ ಬರುತ್ತಿತ್ತು. ‘ಯಾರಿಗೂ ಹೇಳಬೇಡ, ಪೂಜೆ ಮನೆ, ಅವನು ನೊಂದ್ಕೊಳ್ತಾನೆ’ ಅಂದರು. ಬಚ್ಚಲಿಗೆ ಕರೆದುಕೊಂಡು ಹೋಗಿ ನಲ್ಲಿ ಕೆಳಗೆ ಕೈ ಹಿಡಿಸಿ, ಸೋಪು ಹಾಕಿ 15 ನಿಮಿಷ ತೊಳೆದೆ. ಹೊರಗೆ ಬಂದು ನಿನ್ನ ಹೆಂಡತಿಯನ್ನು ಕೇಳಿದೆ, ನಾಯಿಗೆ ರೇಬೀಸ್ ಇಂಜೆಕ್ಷನ್ ಹಾಕಿಸಿದ್ದೀರಾ ಅಂತ. ‘ಹಾಕಿಸಿದ ನೆನಪು ಅಕ್ಕ, ಬುಕ್ಕು ಎಲ್ಲಿದೆಯೋ ಹುಡುಕಬೇಕು’ ಅಂದಳು. ಅಲ್ಲಿಂದ ನೇರ ಆಸ್ಪತ್ರೆಗೆ ಹೋದೆವು. ಅದಕ್ಕೇ ಊಟ ಮಾಡಲಿಲ್ಲ, ತಮ್ಮಾ.

ರಕ್ತ ಬಂದಿದ್ದರಿಂದ ಲಸಿಕೆಯ ಜೊತೆ ಗಾಯದ ಜಾಗಕ್ಕೇ, ರೋಗಾಣುವನ್ನು ಅಲ್ಲೇ ತಡೆಯುವ ಸೀರಮ್ ಕೂಡ ಚುಚ್ಚಿದರು. ಅಮ್ಮ ಕಣ್ಣು ಮುಚ್ಚಿಕೊಂಡು ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದರು, ಒಂದು ಸಲವೂ ಅಯ್ಯೋ ಅನ್ನಲಿಲ್ಲ. ಮನೆ ನಾಯಿ ತಾನೆ, ಇಷ್ಟೆಲ್ಲ ಬೇಕಾ ಅಂತ ನಾನೇ ಡಾಕ್ಟರನ್ನು ಕೇಳಿದೆ. ರೇಬೀಸ್ ಲಕ್ಷಣ ಒಂದು ಸಲ ಕಾಣಿಸಿಕೊಂಡರೆ ಆಮೇಲೆ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ, ಲಸಿಕೆಯ ದಾಖಲೆ ಇಲ್ಲದ ನಾಯಿಯನ್ನು ನಂಬಿಕೊಂಡು ಕೂರುವ ಹಾಗಿಲ್ಲ ಅಂದರು. ಭಾನುವಾರ ಒಂದು ಆಯಿತು, ನಿನ್ನೆ ಬುಧವಾರ ಎರಡನೆಯದು. ಇನ್ನು ಈ ಭಾನುವಾರ, ಆಮೇಲೆ 28ನೇ ದಿನ. ನಿನ್ನೆ ಹೋದಾಗ ‘ನಾಯಿ ಹೇಗಿದೆ’ ಅಂತ ಕೇಳಿದರು. ನಾಯಿ ಸಾಕಿದವರಿಗೆ ಇನ್ನೂ ಹೇಳಿಲ್ಲ ಅಂದೆ. ಚೆನ್ನಾಗಿ ಬೈದರು. 10 ದಿನ ಅದರ ಮೇಲೆ ಕಣ್ಣಿಟ್ಟಿರಬೇಕಂತೆ. ಊಟ ಬಿಟ್ಟರೆ, ಮಂಕಾದರೆ, ಸ್ವಭಾವ ಬದಲಾದರೆ ತಕ್ಷಣ ತಿಳಿಸಬೇಕಂತೆ. ಆಮೇಲೆ ಅಮ್ಮನೇ ‘ಹಾಗಾದರೆ ಹೇಳಿಬಿಡು’ ಅಂದರು.

ನನಗೆ ನಾಯಿ ಕಂಡರೆ ಆಗಲ್ಲ ಅಂತೀಯಲ್ಲ, ಕರಿಯನನ್ನು ಮರೆತುಬಿಟ್ಟೆಯಾ? ಊರಿನಲ್ಲಿ ಅದಕ್ಕೆ ರಾಗಿ ಮುದ್ದೆ ಹಾಲಿನಲ್ಲಿ ಕಿವುಚಿ ಹಾಕುತ್ತಿದ್ದವಳು ನಾನು. ಅದು ಸತ್ತ ದಿನ ನಾವಿಬ್ಬರೂ ಊಟ ಮಾಡಿರಲಿಲ್ಲ. ಅಷ್ಟು ಸಾಧು ನಾಯಿ. ಆದರೂ ಯಾರಾದರೂ ಬಂದರೆ ಅಪ್ಪ ಏನು ಮಾಡುತ್ತಿದ್ದರು ನೆನಪಿದೆಯಾ? ಮಾಡುತ್ತಿದ್ದ ಕೆಲಸ ಬಿಟ್ಟು ಜಗಲಿಯಿಂದ ಇಳಿದು ಹೋಗಿ ಕರಿಯನ ಕುತ್ತಿಗೆ ಪಟ್ಟಿ ಹಿಡಿದು, ‘ಹಿಡ್ಕೊಂಡಿದೀನಿ, ಬನ್ನಿ’ ಅನ್ನುತ್ತಿದ್ದರು. ಅಂಚೆಯವನಿಗೂ ಅದೇ ಮಾತು, ಕೂಲಿಗೆ ಬಂದ ಹೆಂಗಸರಿಗೂ ಅದೇ ಮಾತು. ‘ಏನೂ ಮಾಡಲ್ಲ, ಬನ್ನಿ’ ಅಂತ ಅಪ್ಪ ಅಂದಿದ್ದು ನಾನು ಕೇಳಿಲ್ಲ. ಏನೂ ಮಾಡಲ್ಲ ಅಂತ ನಿನಗೆ ಗೊತ್ತು. ಎದುರಿಗೆ ಬಂದವರಿಗೆ ಹೇಗೆ ಗೊತ್ತಾಗಬೇಕು? ಹೆದರಿ ನಿಂತವರಿಗೆ ನಿನ್ನ ಮಾತನ್ನು ನಂಬಿ ಒಳಗೆ ಬಾ ಅನ್ನುವುದು ನ್ಯಾಯವಾ?

ಇಲ್ಲಿ ಮೈಸೂರಿನಲ್ಲಿ ನಮ್ಮ ಬಡಾವಣೆಯಲ್ಲೂ ದಿನಾ ಇದೇ ಮಾತು ಕೇಳುತ್ತೇನೆ. ಪಾರ್ಕಿನಲ್ಲಿ ಬೆಲ್ಟು ಕಳಚಿ ಬಿಟ್ಟುಬಿಡುತ್ತಾರೆ. ನಾಯಿ ಒಂದು ಕಡೆ, ಯಜಮಾನರು ಫೋನ್ ಹಿಡಿದು ಇನ್ನೊಂದು ಕಡೆ. ಹೋದ ತಿಂಗಳು ನಾಲ್ಕು ವರ್ಷದ ಮಗುವೊಂದು ಜಾರುಬಂಡೆ ಮೇಲೆ ಹತ್ತಿ ಇಳಿಯದೆ ಕಿರುಚುತ್ತಿತ್ತು, ಕೆಳಗೆ ಹಸ್ಕಿ ನಾಯಿ ನಿಂತಿತ್ತು. ‘ಓಡಬಾರದು ಪುಟ್ಟ, ಓಡಿದರೆ ಅಟ್ಟಿಸಿಕೊಂಡು ಬರುತ್ತೆ’ ಅಂತ ಅದರ ಯಜಮಾನರು ಮಗುವಿಗೇ ಬುದ್ಧಿ ಹೇಳಿದರು. ಆ ಮಗು ಈಗ ಪಾರ್ಕಿಗೇ ಬರುವುದಿಲ್ಲ.

ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟು ಒಳಗೆ ಬಂದಿರುತ್ತೇನೆ. ಹಾಲು ಕಾಯುವಷ್ಟರಲ್ಲಿ ಅದರ ಮೇಲೆ ಗಲೀಜು. ಕೇಳಿದರೆ ‘ಮಣ್ಣಿಗೆ ಗೊಬ್ಬರ ತಾನೆ ಆಂಟಿ’ ಅಂತಾರೆ. ಅದೇನು ಸಗಣಿಯಾ? ನಾಯಿ ಹೇಸಿಗೆಯಲ್ಲಿ ಕೊಕ್ಕೆಹುಳು ಇರಬಹುದು. ಅದರ ಮರಿಗಳು ಮಣ್ಣಿನಲ್ಲಿ ಬೆಳೆದು, ಬರಿಗಾಲಲ್ಲಿ ಆಡುವ ಮಕ್ಕಳ ಚರ್ಮದೊಳಗೆ ಸೇರುತ್ತವೆ. ಬೇರೆ ನಾಯಿಮರಿಗಳಿಗೆ ಪಾರ್ವೋ ಕಾಯಿಲೆ ಹರಡುವುದೂ ಇದರಿಂದಲೇ. ಕೊನೆಗೆ ಅದನ್ನೆಲ್ಲ ಗುಡಿಸುವುದು ಪೌರಕಾರ್ಮಿಕ ಹೆಂಗಸರು. ಒಂದು ಹಳೇ ಪೇಪರ್ ಜೇಬಿನಲ್ಲಿ ಇಟ್ಟುಕೊಂಡು ಬರಲು ಏನು ಕಷ್ಟ ಹೇಳು?

ಹಿಂದಿನ ಮನೆಯವರಂತೂ ಕೆಲಸಕ್ಕೆ ಹೋಗುವಾಗ ನಾಯಿಯನ್ನು ಟೆರೇಸಿನಲ್ಲಿ ಬಿಟ್ಟು ಬೀಗ ಹಾಕಿಕೊಂಡು ಹೋಗುತ್ತಾರೆ. ಸಂಜೆವರೆಗೂ ಬೊಗಳುತ್ತದೆ. ನನಗೆ ನಿದ್ದೆ ಕೆಡುವುದು ಹಾಗಿರಲಿ, ಏಪ್ರಿಲ್ ಬಿಸಿಲಿನಲ್ಲಿ ಆ ಕಾಂಕ್ರೀಟಿನ ಮೇಲೆ ಅದರ ಪಾದ ಏನಾಗಬೇಡ? ನಾನೇ ಎರಡು ಸಲ ಪೈಪಿನಿಂದ ನೀರು ಬಿಟ್ಟಿದ್ದೇನೆ.

ಇಷ್ಟಾದರೂ ಬಡಾವಣೆಯ ಸಂಘದವರು ‘ನಾಯಿ ಸಾಕಬಾರದು’ ಅಂತ ಬೋರ್ಡ್ ಹಾಕಲು ಹೊರಟಾಗ ಬೇಡ ಅಂದವಳು ನಾನೇ. ಹಾಗೆ ನಿಷೇಧಿಸಲು ಸಂಘಗಳಿಗೆ ಅಧಿಕಾರ ಇಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯೇ ಹೇಳಿದೆ. ತಪ್ಪು ನಾಯಿಯದಲ್ಲ ಅಂತಲೂ ಅಂದೆ. ಆದರೆ ಸಾಕಿದವರ ಹೊಣೆಯೂ ಕಾನೂನಿನಲ್ಲಿದೆ. ನಿನ್ನ ಭಾವ ತೆಗೆದು ತೋರಿಸಿದರು. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ. ತನ್ನ ಪ್ರಾಣಿಯಿಂದ ಬೇರೆಯವರಿಗೆ ಅಪಾಯ ಆಗದಂತೆ ನೋಡಿಕೊಳ್ಳದೆ ಅಸಡ್ಡೆ ಮಾಡಿದರೆ ಆರು ತಿಂಗಳವರೆಗೆ ಜೈಲು, ಇಲ್ಲ 5,000 ರೂಪಾಯಿವರೆಗೆ ದಂಡ, ಇಲ್ಲ ಎರಡೂ. ನಿನ್ನನ್ನು ಹೆದರಿಸಲು ಹೇಳುತ್ತಿಲ್ಲ. ಅವತ್ತು ಬಾಗಿಲಲ್ಲಿ ಅಮ್ಮನ ಬದಲು ಹೊರಗಿನವರು ಯಾರಾದರೂ ಇದ್ದಿದ್ದರೆ?

ಈಗ ಮಾಡಬೇಕಾದ್ದು ಕೇಳು. ಇವತ್ತೇ ಬ್ರೂನೋನ ಬುಕ್ಕು ಹುಡುಕಿ ಫೋಟೋ ಹಾಕು. ಸಿಗದಿದ್ದರೆ ಅದನ್ನು ನೋಡುವ ಡಾಕ್ಟರಿಗೆ ಫೋನ್ ಮಾಡಿ ಕೇಳು. ಮುಂದಿನ ಬುಧವಾರದವರೆಗೂ ಅದು ಹೇಗಿದೆ ಅಂತ ದಿನಾ ಒಂದು ಸಾಲು ನನಗೆ ಬರೆ. ಮಗನಿಗೆ ಗದರಬೇಡ. ಜನ ಬರುವ ಮೊದಲು ನಾಯಿಯನ್ನು ಕಟ್ಟಿಹಾಕುವುದು, ಮೈಮೇಲೆ ಹಾರದಂತೆ ಅದಕ್ಕೆ ಕಲಿಸುವುದು, ಎರಡನ್ನೂ ಅವನಿಗೇ ವಹಿಸು. ಅವನ ಮಾತು ಅದು ಕೇಳುತ್ತದೆ.

ಮತ್ತೆ ಈ ಭಾನುವಾರ ಅಮ್ಮನನ್ನು ಇಂಜೆಕ್ಷನ್‌ಗೆ ನೀನೇ ಕರೆದುಕೊಂಡು ಹೋಗು. 10 ಗಂಟೆಗೆ ರೆಡಿ ಮಾಡಿ ಕೂರಿಸಿರುತ್ತೇನೆ. ಅವರು ಸೂಜಿ ನೋಡುವುದಿಲ್ಲ, ಕೈ ಹಿಡಿದುಕೊ.