ಕಾರಿನ ಫ್ಯೂಸ್ ಹುಡುಕಿ ನೋಡುವುದು ಹೇಗೆ? ನಿಮ್ಮ ಅನುಭವ ಹೇಳಿ

ಕೇಳಿದವರು, ಶಿವಮೊಗ್ಗ

ನಮ್ಮದು ಏಳು ವರ್ಷದ ಸಣ್ಣ ಪೆಟ್ರೋಲ್ ಕಾರು. ಅಪ್ಪ, ನಾನು ಇಬ್ಬರೂ ಓಡಿಸುತ್ತೇವೆ. ಹೋದ ಭಾನುವಾರ ತೀರ್ಥಹಳ್ಳಿಯಿಂದ ಬರುವಾಗ ಫೋನ್ ಚಾರ್ಜ್ ಆಗುವುದು ನಿಂತಿತು. ಅದೇ ಹೊತ್ತಿಗೆ ಹಾಡೂ ನಿಂತಿತು. ಲೈಟು, ಹಾರ್ನು, ವೈಪರು ಎಲ್ಲ ಸರಿ ಇವೆ. ಗ್ಯಾರೇಜಿನಲ್ಲಿ ಕೇಳಿದರೆ, ವೈರಿಂಗ್ ಬಿಚ್ಚಿ ನೋಡಬೇಕು, ಎರಡು ದಿನ ಗಾಡಿ ಬಿಡಿ ಅಂದರು. ಪಕ್ಕದ ಮನೆಯವರು ಬರೀ ಫ್ಯೂಸ್ ಇರಬಹುದು ಅನ್ನುತ್ತಾರೆ. ಸ್ಟೀರಿಂಗ್ ಕೆಳಗಿನ ಮುಚ್ಚಳ ತೆಗೆದು ನೋಡಿದೆ. ಬಣ್ಣಬಣ್ಣದ ಪುಟ್ಟ ಫ್ಯೂಸ್‌ಗಳು ಮೂವತ್ತು ನಲವತ್ತು ಇವೆ. ಕೈ ಹಾಕಲು ಭಯವಾಗಿ ಹಾಗೇ ಮುಚ್ಚಿಬಿಟ್ಟೆ. ಯಾವುದು ಯಾವುದರದ್ದು ಅಂತ ತಿಳಿಯುವುದು ಹೇಗೆ? ನಾನೇ ತೆಗೆದು ನೋಡಬಹುದಾ? ಮಾಡಿ ಗೊತ್ತಿರುವವರು ಹೇಳಿ.

ತುಮಕೂರಿನಿಂದ

ಖಂಡಿತ ನೋಡಬಹುದು ಮೇಡಂ. ಹನ್ನೆರಡು ವೋಲ್ಟಿನ ಲೈನು, ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಹಳೆಯ ಮೂರು ಕಾರುಗಳನ್ನು ನಾನೇ ನೋಡಿಕೊಂಡು ಬಂದಿದ್ದೇನೆ, ಅದರ ಮೇಲೆ ಹೇಳುತ್ತೇನೆ.

ಮೊದಲು ಮುಚ್ಚಳ ತೆಗೆಯಬೇಡಿ, ಯೋಚನೆ ಮಾಡಿ. ಎರಡು ಸಾಮಾನು ಒಂದೇ ಗಳಿಗೆಯಲ್ಲಿ ನಿಂತಿವೆ. ಸ್ಟೀರಿಯೋ, ಚಾರ್ಜರ್ ಎರಡೂ ಒಟ್ಟಿಗೆ ಕೆಡುವುದು ಅಪರೂಪ. ಎರಡಕ್ಕೂ ಕರೆಂಟ್ ಕೊಡುವ ಒಂದೇ ಫ್ಯೂಸ್ ಹೋಗಿರುವುದೇ ಜಾಸ್ತಿ. ಬಹಳ ಕಾರುಗಳಲ್ಲಿ ಇದೇ ಲೈನಿನಲ್ಲಿ ಹೊರಗಿನ ಕನ್ನಡಿ ತಿರುಗಿಸುವ ಸ್ವಿಚ್ಚೂ ಇರುತ್ತದೆ. ನಿಮ್ಮ ಕಾರಿನಲ್ಲಿ ಆ ಸ್ವಿಚ್ ಇದ್ದರೆ ಒಮ್ಮೆ ಒತ್ತಿ ನೋಡಿ. ಕನ್ನಡಿಯೂ ಅಲ್ಲಾಡದಿದ್ದರೆ ಹುಡುಕುವ ಕೆಲಸ ಅರ್ಧ ಮುಗಿದಂತೆ. ರಿಪೇರಿಗೆ ಕೈ ಹಾಕುವ ಮೊದಲು ಏನೇನು ನಿಂತಿದೆ, ಏನೇನು ಓಡುತ್ತಿದೆ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳುವುದು ನನ್ನ ರೂಢಿ. ಇದರಿಂದ ಎಷ್ಟೋ ಸಲ ಸುಮ್ಮನೆ ಬಿಚ್ಚಾಡುವುದು ತಪ್ಪಿದೆ.

ಈಗಿನ ಕಾರುಗಳಲ್ಲಿ ಸಾಮಾನ್ಯವಾಗಿ ಎರಡು ಫ್ಯೂಸ್ ಡಬ್ಬಿ. ಒಂದು ನೀವು ನೋಡಿದ್ದು, ಡ್ರೈವರ್ ಮೊಣಕಾಲಿನ ಹತ್ತಿರ. ಇನ್ನೊಂದು ಬಾನೆಟ್ ಒಳಗೆ, ಬ್ಯಾಟರಿ ಪಕ್ಕದ ಕಪ್ಪು ಡಬ್ಬಿ. ಸ್ಟೀರಿಯೋ, ಚಾರ್ಜರ್ ಚುಚ್ಚುವ ಸಾಕೆಟ್, ಒಳಗಿನ ಲೈಟು, ವೈಪರ್‌ನಂಥವು ಹೆಚ್ಚಾಗಿ ಒಳಗಿನ ಡಬ್ಬಿಯಲ್ಲಿ. ರೇಡಿಯೇಟರ್ ಫ್ಯಾನ್, ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್‌ನಂಥ ಭಾರದವು ಬಾನೆಟ್ ಒಳಗೆ. ಯಾವ ಜಾಗದಲ್ಲಿ ಯಾವುದು ಎಂಬ ಚಿತ್ರ ಮುಚ್ಚಳದ ಒಳಮೈಯಲ್ಲಿ ಇರುತ್ತದೆ, ಇಲ್ಲವಾದರೆ ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ. ಪುಸ್ತಕ ಕಳೆದಿದ್ದರೆ ಹೆಚ್ಚಿನ ಕಂಪನಿಗಳ ಜಾಲತಾಣದಲ್ಲಿ ಸಿಗುತ್ತದೆ. ನಿಮ್ಮ ಮಾಡೆಲ್ ಮತ್ತು ವರ್ಷದ್ದೇ ತೆಗೆದುಕೊಳ್ಳಿ. ಹೆಸರು ಒಂದೇ ಇದ್ದರೂ ಮಾಡೆಲ್ ಬದಲಾದಾಗ ಫ್ಯೂಸ್ ಜಾಗ ಬದಲಾಗುತ್ತದೆ.

ಚಿತ್ರದಲ್ಲಿ ಇರುವುದು ಗಿಡ್ಡ ಅಕ್ಷರಗಳು. "ಎಸಿಸಿ" ಅಂತ ಕಂಡರೆ ಅದು ಏರ್ ಕಂಡೀಷನ್ ಅಲ್ಲ, ಅಕ್ಸೆಸರಿ, ಅಂದರೆ ಸ್ಟೀರಿಯೋ, ಚಾರ್ಜರ್‌ನಂಥ ಸಾಮಾನು. ನಿಮಗೆ ಬೇಕಾದ್ದು ಅದೇ ಇರಬಹುದು. ಕೆಲವು ಕಡೆ ಸಿಗಾರ್ (ಮೊದಲು ಸಿಗರೇಟ್ ಹಚ್ಚಲು ಇದ್ದ ಅದೇ ಸಾಕೆಟ್) ಎಂದೋ ರೇಡಿಯೋ ಎಂದೋ ಬರೆದಿರುತ್ತಾರೆ.

ಫ್ಯೂಸ್ ತಲೆಯ ಮೇಲಿರುವ ಅಂಕಿಯೇ ಆಂಪಿಯರ್. ಬಣ್ಣವೂ ಅದನ್ನೇ ಹೇಳುತ್ತದೆ. ಕಂದು 7.5, ಕೆಂಪು 10, ನೀಲಿ 15, ಹಳದಿ 20, ಬಿಳಿ ಅಥವಾ ಬಣ್ಣವಿಲ್ಲದ್ದು 25, ಹಸಿರು 30. ಈ ಪುಟ್ಟ ಫ್ಯೂಸ್‌ಗಳಿಗೆ ಯಾವ ಕಂಪನಿಯ ಕಾರಾದರೂ ಇದೇ ಲೆಕ್ಕ.

ಕೀಲಿ ತೆಗೆಯಿರಿ. ಡಬ್ಬಿಯ ಒಂದು ಫೋಟೋ ಹೊಡೆದುಕೊಳ್ಳಿ, ವಾಪಸ್ ಹಾಕುವಾಗ ಇದು ತುಂಬಾ ಸಹಾಯಕ್ಕೆ ಬರುತ್ತದೆ. ಎರಡರಲ್ಲಿ ಒಂದು ಡಬ್ಬಿಯೊಳಗೆ ಪುಟ್ಟ ಪ್ಲಾಸ್ಟಿಕ್ ಚಿಮುಟ ಇರುತ್ತದೆ. ಅದರಿಂದ ಫ್ಯೂಸ್ ಹಿಡಿದು ನೇರವಾಗಿ ಎಳೆಯಿರಿ, ಓರೆಯಾಗಿ ಅಲ್ಲಾಡಿಸಬೇಡಿ. ಬೆಳಕಿಗೆ ಹಿಡಿದರೆ ಎರಡು ಕಾಲುಗಳ ನಡುವೆ ಬಾಗಿದ ತೆಳು ಪಟ್ಟಿ ಕಾಣುತ್ತದೆ. ಪಟ್ಟಿ ತುಂಡಾಗಿದ್ದರೆ ಫ್ಯೂಸ್ ಹೋಗಿದೆ ಅಂತಲೇ ಅರ್ಥ. ಒಂದು ತೆಗೆದು, ನೋಡಿ, ಹಾಕಿ, ಆಮೇಲೆ ಇನ್ನೊಂದಕ್ಕೆ ಹೋಗಿ. ಹತ್ತು ಒಟ್ಟಿಗೆ ತೆಗೆದು ಡ್ಯಾಶ್‌ಬೋರ್ಡ್ ಮೇಲೆ ಸಾಲಾಗಿ ಇಡಬೇಡಿ.

ಮಂಗಳೂರಿನಿಂದ

ಮೇಲಿನವರು ಹೇಳಿದ್ದು ಸರಿ. ಕಣ್ಣಿನಲ್ಲಿ ನೋಡಿದ್ದು ಮಾತ್ರ ಪೂರ್ತಿ ನಂಬಬೇಡಿ. ನನ್ನ ಕಾರಿನಲ್ಲಿ ಹಿಂದಿನ ಬ್ರೇಕ್ ಲೈಟ್ ಬರುತ್ತಿರಲಿಲ್ಲ. ಫ್ಯೂಸ್ ತೆಗೆದು ನೋಡಿದೆ, ಪಟ್ಟಿ ಚೆನ್ನಾಗಿಯೇ ಕಂಡಿತು. ಬಲ್ಬ್ ಬದಲಿಸಿದೆ, ಪೆಡಲ್ ಮೇಲಿನ ಸ್ವಿಚ್ ಬದಲಿಸಿದೆ. ಕೊನೆಗೆ ಮಲ್ಟಿಮೀಟರ್ ಇಟ್ಟರೆ ಆ ಫ್ಯೂಸೇ ಕೆಟ್ಟಿತ್ತು. ಕಾಲಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು.

ಫ್ಯೂಸ್ ತೆಗೆಯದೆಯೂ ನೋಡಬಹುದು. ಹೆಚ್ಚಿನ ಫ್ಯೂಸ್‌ಗಳ ತಲೆಯ ಮೇಲೆ ಎರಡು ಪುಟ್ಟ ತೂತು ಇರುತ್ತವೆ, ಒಳಗೆ ಲೋಹ ಕಾಣುತ್ತದೆ. ಅದು ಪರೀಕ್ಷೆಗೆಂದೇ ಬಿಟ್ಟ ಜಾಗ. ಹನ್ನೆರಡು ವೋಲ್ಟಿನ ಟೆಸ್ಟ್ ಲ್ಯಾಂಪ್ ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಅದರ ಕ್ಲಿಪ್ಪನ್ನು ಬಾಡಿಯ ಬಣ್ಣವಿಲ್ಲದ ಬೋಲ್ಟಿಗೆ ಕಚ್ಚಿಸಿ. ಕೀಲಿಯನ್ನು ಆನ್ ಮಾಡಿ, ಎಂಜಿನ್ ಬೇಡ. ಮೊನೆಯನ್ನು ಒಂದು ತೂತಿಗೆ ತಾಗಿಸಿ, ಆಮೇಲೆ ಇನ್ನೊಂದಕ್ಕೆ. ಎರಡೂ ಕಡೆ ಬೆಳಕು ಬಂದರೆ ಫ್ಯೂಸ್ ಸರಿ. ಒಂದೇ ಕಡೆ ಬಂದರೆ ಹೋಗಿದೆ. ಎರಡೂ ಕಡೆ ಬರದಿದ್ದರೆ ಆ ಫ್ಯೂಸಿಗೇ ಕರೆಂಟ್ ಬರುತ್ತಿಲ್ಲ. ಆಗ ಅದನ್ನು ಬೈಯಬೇಡಿ. ಅದರ ಸ್ವಿಚ್ ಆನ್ ಆಗಿದೆಯಾ, ಅದಕ್ಕೆ ಕರೆಂಟ್ ಕೊಡುವ ಬಾನೆಟ್ಟಿನ ದೊಡ್ಡ ಫ್ಯೂಸ್ ಹೋಗಿದೆಯಾ ನೋಡಿ.

ಮನೆಯಲ್ಲಿ ಪ್ಲಗ್ ನೋಡುವ ಸ್ಕ್ರೂಡ್ರೈವರ್ ಟೆಸ್ಟರ್ ಇದಕ್ಕೆ ಆಗುವುದಿಲ್ಲ. ಅದರ ನಿಯಾನ್ ದೀಪ ಹನ್ನೆರಡು ವೋಲ್ಟಿಗೆ ಹೊತ್ತುವುದೇ ಇಲ್ಲ. ಅದನ್ನಿಟ್ಟು "ಕರೆಂಟೇ ಇಲ್ಲ" ಅಂದುಕೊಂಡವರನ್ನು ನೋಡಿದ್ದೇನೆ.

ಮೀಟರ್ ಇದ್ದರೆ ಫ್ಯೂಸ್ ಹೊರಗೆ ತೆಗೆದು, ಬೀಪ್ ಬರುವ ಸೆಟ್ಟಿಂಗಿನಲ್ಲಿ ಎರಡು ಕಾಲಿಗೆ ಹಿಡಿಯಿರಿ. ಬೀಪ್ ಬಂದರೆ ಸರಿ.

ಮಸ್ಕತ್‌ನಿಂದ, ಊರು ಕುಂದಾಪುರ

ಒಂದೇ ಮಾತು. ವಿಡಿಯೋ ನೋಡಿ ಡಬ್ಬಿ ಹುಡುಕಬೇಡಿ. ಇಲ್ಲಿ ಸ್ಟೀರಿಂಗ್ ಎಡಗಡೆ. ಊರಲ್ಲಿ ಅಣ್ಣನ ಹತ್ತಿರ ಇರುವ ಕಾರೇ ನನ್ನ ಹತ್ತಿರವೂ ಇದೆ, ಆದರೆ ಡಬ್ಬಿಯ ಜಾಗ ಬೇರೆ. ನನ್ನ ಮಾತು ಕೇಳಿ ಅಣ್ಣ ಪಾಪ ಒಂದು ಗಂಟೆ ಗ್ಲೋವ್ ಬಾಕ್ಸ್ ಬಿಚ್ಚಿಕೊಂಡು ಕೂತಿದ್ದರು.

ಹಾಸನದಿಂದ

ಅಕ್ಕಾ, ಫ್ಯೂಸ್ ಹೋಗಿದ್ದರೆ ಎಷ್ಟು ಆಂಪಿಯರಿನದು ಇರಬೇಕೋ ಅಷ್ಟರದ್ದೇ ಹಾಕಿ. ಪುಸ್ತಕದಲ್ಲಿ ಬರೆದದ್ದನ್ನು ನೋಡಿ, ಡಬ್ಬಿಯಲ್ಲಿ ಇದ್ದದ್ದನ್ನಲ್ಲ. ನಿಮಗಿಂತ ಮೊದಲು ಯಾರೋ ತಪ್ಪು ಹಾಕಿರಬಹುದು. ನಾನು ಇದರಲ್ಲಿ ಕೈ ಸುಟ್ಟುಕೊಂಡಿದ್ದೇನೆ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಸಕಲೇಶಪುರದ ಕಡೆ ಮಂಜಿನಲ್ಲಿ ರಾತ್ರಿ ಓಡಿಸುವುದು ಕಷ್ಟ ಅಂತ ಹೆಡ್‌ಲೈಟಿಗೆ 100 ವ್ಯಾಟಿನ ಬಲ್ಬ್ ಹಾಕಿಸಿದೆ. ಮೊದಲಿದ್ದದ್ದು 60 ವ್ಯಾಟ್. ನನ್ನ ಹಳೆಯ ಕಾರಿನಲ್ಲಿ ಎರಡೂ ಲೈಟಿಗೆ ಸೇರಿ ಒಂದೇ 15 ಆಂಪಿಯರ್ ಫ್ಯೂಸ್. ಲೆಕ್ಕ ಸುಲಭ, ವ್ಯಾಟನ್ನು ಹನ್ನೆರಡರಿಂದ ಭಾಗಿಸಿದರೆ ಆಂಪಿಯರ್. 60 ವ್ಯಾಟಿಗೆ 5, ಎರಡಕ್ಕೆ 10. ನೂರಾದಾಗ ಒಂದಕ್ಕೇ 8 ದಾಟಿತು, ಎರಡಕ್ಕೆ ಹದಿನಾರೂವರೆ. ಫ್ಯೂಸ್ ಕೆಲವು ದಿನ ತಡೆದು ಆಮೇಲೆ ಹೋಯಿತು. ಅಂಗಡಿಯವರು ಹಸಿರು 30 ಹಾಕಿ, ಇನ್ನು ಹೋಗುವುದಿಲ್ಲ ಅಂದರು. ನಿಜ, ಫ್ಯೂಸ್ ಹೋಗಲಿಲ್ಲ. ಎರಡು ವಾರಕ್ಕೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಬಾನೆಟ್ ಎತ್ತಿದರೆ ಬಲ್ಬಿನ ಹೋಲ್ಡರ್ ಕರಗಿ ಅಂಟಿಕೊಂಡಿತ್ತು. ವೈರಿನ ಸಿಪ್ಪೆ ಮೆತ್ತಗಾಗಿ ಪಕ್ಕದ ವೈರಿಗೆ ಹತ್ತಿತ್ತು. ಮಕ್ಕಳು ಹಿಂದೆ ಮಲಗಿದ್ದರು. ಆ ರಾತ್ರಿ ನೆನೆದರೆ ಈಗಲೂ ಮೈ ಜುಮ್ ಅನ್ನುತ್ತದೆ.

ಫ್ಯೂಸ್ ಕಾಯುವುದು ಬಲ್ಬನ್ನೋ ಸ್ಟೀರಿಯೋವನ್ನೋ ಅಲ್ಲ, ವೈರನ್ನು. ಆ ವೈರ್ ಎಷ್ಟು ತಡೆಯುತ್ತದೆ ಅಂತ ನೋಡಿಯೇ ಕಂಪನಿಯವರು ಅಂಕಿ ಹಾಕಿರುತ್ತಾರೆ. ಫ್ಯೂಸ್ ದೊಡ್ಡದು ಮಾಡಿದರೆ ಮುಂದೆ ಕರಗುವುದು ವೈರೇ. ಸಿಗರೇಟ್ ಪ್ಯಾಕಿನ ಜರಿ ಕಾಗದ, ತಾಮ್ರದ ತಂತಿ ಸುತ್ತಿ ಹಾಕುವುದು ಇನ್ನೂ ಅಪಾಯ. ದಾರಿಯಲ್ಲಿ ಬದಲಿ ಫ್ಯೂಸ್ ಇಲ್ಲದಿದ್ದರೆ, ಅದೇ ಅಂಕಿಯದ್ದನ್ನು ಸದ್ಯಕ್ಕೆ ಬೇಡದ ಜಾಗದಿಂದ ತೆಗೆದು ಹಾಕಿಕೊಂಡು ಮನೆ ಸೇರಿ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕನ್ನಡಿ ಸ್ವಿಚ್ ಒತ್ತಿ ನೋಡಿದೆ, ಅದೂ ಕೆಲಸ ಮಾಡುತ್ತಿಲ್ಲ! ಪುಸ್ತಕ ಸಿಕ್ಕಿತು. ಎಸಿಸಿ, 15 ಆಂಪಿಯರ್, ನೀಲಿ. ತೆಗೆದು ಕಿಟಕಿ ಬೆಳಕಿಗೆ ಹಿಡಿದರೆ ಪಟ್ಟಿ ತುಂಡು, ಒಳಗೆ ಸ್ವಲ್ಪ ಕಪ್ಪಾಗಿದೆ. ಮುಚ್ಚಳದಲ್ಲಿ ಎರಡು ಬದಲಿ ನೀಲಿ ಇದ್ದವು. ಒಂದು ಹಾಕಿ ಕೀಲಿ ತಿರುಗಿಸಿದೆ. ಟಿಕ್ ಅಂತ ಸದ್ದು, ಅದೂ ಹೋಯಿತು. ಈಗ ಒಂದೇ ಉಳಿದಿದೆ. ಅದನ್ನೂ ಹಾಕಿ ನೋಡಲಾ?

ತುಮಕೂರಿನಿಂದ

ಬೇಡ ಮೇಡಂ, ಅದನ್ನು ಹಾಗೇ ಇಟ್ಟುಕೊಳ್ಳಿ. ಜಾಸ್ತಿ ಭಾರಕ್ಕೆ ಹೋಗುವ ಫ್ಯೂಸ್ ಸ್ವಲ್ಪ ಹೊತ್ತು ತಡೆಯುತ್ತದೆ, ಹಾಸನದವರಿಗೆ ಆದ ಹಾಗೆ. ಹಾಕಿದ ಕೂಡಲೇ ಹೋದರೆ ಎಲ್ಲೋ ಶಾರ್ಟ್ ಆಗಿದೆ. ನಿಮ್ಮ ಲೈನಿನಲ್ಲಿ ಮೂರು ಕವಲು ಇವೆ: ಸಾಕೆಟ್, ಸ್ಟೀರಿಯೋ, ಕನ್ನಡಿ. ಮೊದಲು ಸಾಕೆಟ್ ನೋಡಿ. ನಾನು ಕಂಡ ಮಟ್ಟಿಗೆ ತೊಂದರೆ ಹೆಚ್ಚಾಗಿ ಅಲ್ಲೇ ಇರುತ್ತದೆ.

ಕೀಲಿ ತೆಗೆದು, ಫ್ಯೂಸ್ ಹೊರಗಿಟ್ಟು, ಚಾರ್ಜರ್ ಕಿತ್ತು, ಟಾರ್ಚ್ ಬಿಟ್ಟು ಸಾಕೆಟ್ ಒಳಗೆ ನೋಡಿ. ತಳದ ನಡುವಿನ ಗುಂಡಿಗೆ ಕರೆಂಟ್ ಬರುತ್ತದೆ, ಸುತ್ತಲಿನ ಗೋಡೆ ಅರ್ತ್. ನಡುವೆ ಒಂದು ನಾಣ್ಯ ಬಿದ್ದರೆ ಸಾಕು.

ಅಲ್ಲಿ ಏನೂ ಇಲ್ಲದಿದ್ದರೆ ಒಂದು ಉಪಾಯ ಇದೆ. ಹನ್ನೆರಡು ವೋಲ್ಟ್, 21 ವ್ಯಾಟಿನ ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಸೇರಿಸಿ, ಫ್ಯೂಸ್ ಕಾಲುಗಳ ಜಾಗಕ್ಕೆ ಕೊಟ್ಟು ಕೀಲಿ ಆನ್ ಮಾಡಿ. ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಹೊತ್ತುತ್ತದೆ. ಎರಡು ಆಂಪಿಯರಿಗಿಂತ ಜಾಸ್ತಿ ಹರಿಯಲು ಬಲ್ಬ್ ಬಿಡುವುದಿಲ್ಲ, ವೈರಿಗೆ ಏನೂ ಆಗುವುದಿಲ್ಲ. ಆಮೇಲೆ ಸ್ಟೀರಿಯೋ ಹಿಂದಿನ ಪ್ಲಗ್, ಕನ್ನಡಿ ಸ್ವಿಚ್ಚಿನ ಪ್ಲಗ್ ಒಂದೊಂದಾಗಿ ಬಿಚ್ಚಿ. ಯಾವುದನ್ನು ಬಿಚ್ಚಿದಾಗ ಬಲ್ಬ್ ಮಂಕಾಗುತ್ತದೋ ತೊಂದರೆ ಆ ಕಡೆ. ಫ್ಯೂಸ್ ಮೇಲೆ ಫ್ಯೂಸ್ ಸುಡುವುದು ತಪ್ಪುತ್ತದೆ.

ಬೆಂಗಳೂರಿನಿಂದ

ಇದನ್ನು ಏರ್‌ಬ್ಯಾಗ್ ಫ್ಯೂಸಿನ ಜಾಗದಲ್ಲಿ ಮಾತ್ರ ಮಾಡಬೇಡಿ. ಅಲ್ಲಿ ಬಲ್ಬೂ ಬೇಡ, ಟೆಸ್ಟ್ ಲ್ಯಾಂಪೂ ಬೇಡ. ಸ್ಟೀರಿಂಗ್ ಕೆಳಗೆ ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು, ಮುಟ್ಟದೆ ಬಿಡಿ. ಹೈಬ್ರಿಡ್ ಅಥವಾ ಕರೆಂಟ್ ಕಾರಾದರೆ ಕಿತ್ತಳೆ ಬಣ್ಣದ ದಪ್ಪ ಕೇಬಲ್ ಹತ್ತಿರವೂ ಹೋಗಬೇಡಿ. ಅಲ್ಲಿ ಇರುವುದು ಹನ್ನೆರಡು ವೋಲ್ಟ್ ಅಲ್ಲ, ನೂರಾರು ವೋಲ್ಟ್. ಬ್ಯಾಟರಿಯ ಪ್ಲಸ್ ಮೇಲೆ ಬೋಲ್ಟ್ ಹಾಕಿ ಕೂರಿಸಿದ ದೊಡ್ಡ ಫ್ಯೂಸ್ ಮೆಕ್ಯಾನಿಕ್ ಕೆಲಸ. ಸ್ಪ್ಯಾನರ್ ಜಾರಿ ಬಾಡಿಗೆ ತಾಗಿದರೆ ದೊಡ್ಡ ಕಿಡಿ ಹಾರುತ್ತದೆ.

ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಇಲಿ ಕಾಟ. ಎರಡು ಸಲ ಹಾರ್ನ್ ಫ್ಯೂಸ್ ಹೋಯಿತು, ಎರಡೂ ಸಲ ಕಡಿದ ವೈರ್ ಬಾನೆಟ್ ಒಳಗೇ ಸಿಕ್ಕಿತು. ಬಾನೆಟ್ ಎತ್ತಿದಾಗ ಹಿಕ್ಕೆ ಕಂಡರೆ ಮೊದಲು ವೈರ್ ನೋಡಿ.

ಬದಲಿ ಫ್ಯೂಸ್ ಕೊಳ್ಳುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಅಂಕಿ ಒಂದೇ ಆದರೂ ಸೈಜು ಮೂರು ನಾಲ್ಕು ತರ ಇವೆ. ನಾನು ಜೆ.ಸಿ. ರೋಡಿನಲ್ಲಿ ಹೆಸರಿರುವ ಕಂಪನಿಯದ್ದೇ ಕೇಳಿ ತರುತ್ತೇನೆ. ಸರಿಯಾದ 15ರ ಫ್ಯೂಸಿನಲ್ಲಿ 30 ಆಂಪಿಯರ್ ಹರಿದರೆ ಐದು ಸೆಕೆಂಡಿನೊಳಗೆ ಕತ್ತರಿಸಬೇಕು. ಅಗ್ಗದ ನೂರರ ಪೊಟ್ಟಣದಲ್ಲಿ ಬರುವವು ಕೆಲವು ಹಾಗೆ ಕತ್ತರಿಸುವುದಿಲ್ಲ.

ಕೇಳಿದವರು

ಸಿಕ್ಕಿತು! ನಾಣ್ಯ ಅಲ್ಲ. ಚಾರ್ಜರಿನ ಮೂತಿಯಲ್ಲಿ ತಿರುಪಿನ ಉಂಗುರ ಇರುತ್ತದಲ್ಲ, ಅದು ಸಡಿಲವಾಗಿ ಕಳಚಿ ಒಳಗೇ ಉಳಿದಿತ್ತು. ಜೊತೆಗೆ ಪುಟ್ಟ ಸ್ಪ್ರಿಂಗ್, ಲೋಹದ ಮೊನೆ. ಉಂಗುರ ಅಡ್ಡ ಬಿದ್ದು ತಳಕ್ಕೂ ಗೋಡೆಗೂ ತಾಗಿಕೊಂಡಿತ್ತು. ಫ್ಯೂಸ್ ಹೊರಗಿದೆ ಅಂತ ಎರಡು ಸಲ ನೋಡಿಕೊಂಡು, ಎರಡು ಊದುಬತ್ತಿ ಕಡ್ಡಿಯಿಂದ ಎತ್ತಿದೆ. ಉಳಿದ ನೀಲಿ ಫ್ಯೂಸ್ ಹಾಕಿ ಕೀಲಿ ತಿರುಗಿಸುವಾಗ ಉಸಿರು ಬಿಗಿಹಿಡಿದಿದ್ದೆ. ಸ್ಟೀರಿಯೋ ಹೊತ್ತಿತು, ಕನ್ನಡಿ ತಿರುಗಿತು. ಅಪ್ಪನಿಗೆ ನನಗಿಂತ ಜಾಸ್ತಿ ಖುಷಿ.

ಆ ಚಾರ್ಜರ್ ಬಿಸಾಡಿದೆ. ಇವತ್ತು ಗಾಂಧಿ ಬಜಾರ್ ಕಡೆ ಹೋದಾಗ 10, 15, 20 ಆಂಪಿಯರಿನವು ಎರಡೆರಡು ತಂದೆ. ಹಳೆಯದನ್ನು ತೋರಿಸಿಯೇ ತಂದೆ. ಪುಸ್ತಕ ನೋಡಿ ಎಲ್ಲ ಫ್ಯೂಸಿನ ಹೆಸರು ಕನ್ನಡದಲ್ಲಿ ಬರೆದು ಮುಚ್ಚಳದ ಒಳಗೆ ಅಂಟಿಸಿದ್ದೇನೆ, ಅಪ್ಪನಿಗೂ ಓದಲು ಸುಲಭ ಅಂತ. ಬರೆಯುವಾಗ ಒಂದು ಕಂಡಿತು. ಹಿಂದಿನ ವೈಪರಿಗೆ ಪುಸ್ತಕದಲ್ಲಿ 10 ಅಂತ ಇದೆ, ಡಬ್ಬಿಯಲ್ಲಿ ಹಳದಿ 20 ಕೂತಿದೆ. ನಾವು ಹಾಕಿದ್ದಲ್ಲ. ಅದನ್ನು ತೆಗೆದು ಕೆಂಪು ಹಾಕಿದ್ದೇನೆ. ಭಾನುವಾರ ಹಿಂದಿನ ಗಾಜಿಗೆ ನೀರು ಹಾಕಿ ವೈಪರ್ ಓಡಿಸಿ, ಏನಾಗುತ್ತದೆ ಅಂತ ಇಲ್ಲೇ ಬರೆಯುತ್ತೇನೆ.