ಇ350 ಪ್ಲೇಟ್‌ನ ಬಟ್ ಜಾಯಿಂಟ್‌ಗೆ 6013 ರಾಡ್ ಸಾಕಾ?

ಮಲ್ನಾಡ್_ಶೆಡ್:
ನಮ್ಮದು ಸಣ್ಣ ಫ್ಯಾಬ್ರಿಕೇಷನ್ ಶಾಪ್. ಟ್ರಸ್, ಗೇಟು, ಶೆಡ್ ಕೆಲಸವೇ ಜಾಸ್ತಿ. ಈಗ ಒಂದು ಕ್ರೇನ್ ಗರ್ಡರ್ ಬಂದಿದೆ, ಕೆಳಗಿನ ಫ್ಲೇಂಜ್ 16 ಎಂಎಂ, ಐಎಸ್ 2062 ಇ350 (ಹೆಚ್ಚು ತಾಕತ್ತಿನ ಸ್ಟೀಲ್ ಗ್ರೇಡ್). ಪ್ಲೇಟ್ ಉದ್ದ ಸಾಲದೆ ಒಂದು ಕಡೆ ಬಟ್ (ಪ್ಲೇಟ್ ಅಂಚಿಗೆ ಅಂಚು ಸೇರಿಸೋ ವೆಲ್ಡ್) ಹಾಕಲೇಬೇಕು. ನಮ್ಮ ವೆಲ್ಡರ್ 6013 ಸಾಕು, ಇಷ್ಟು ವರ್ಷದಲ್ಲಿ ಎಲ್ಲೂ ಬಿಟ್ಟಿಲ್ಲ ಅಂತಾನೆ. 7018 ಬೇಕೇ ಬೇಕಾ? ಬ್ರಾಕೆಟ್ ಒಂದರಲ್ಲಿ ಕಡಿಮೆ ಗ್ರೇಡ್‌ನ ಇ250 ಪ್ಲೇಟನ್ನು ಇ350ಗೆ ಬಟ್ ಮಾಡೋದೂ ಇದೆ, ಅಲ್ಲಿ ಯಾವ ರಾಡ್?

ಕಿಡಿ_ಪೀಣ್ಯ:
ಬೇಕು. ಇ350ಯ ಕನಿಷ್ಠ ಟೆನ್ಸೈಲ್ (ಎಳೆತ ತಡೆಯುವ ತಾಕತ್ತು) 490 ಎಂಪಿಎ, 6013ರ ವೆಲ್ಡ್ ಮೆಟಲ್‌ದು 430, 7018ದು 490. ಇ250ಗೆ 410 ಸಾಕಾಗೋದರಿಂದ ನಿಮ್ಮ ಟ್ರಸ್‌ಗಳು ನಿಂತಿವೆ. ವೆಲ್ಡರ್ ಹೇಳಿದ್ದು ಸುಳ್ಳಲ್ಲ, ಈ ಸಲ ಪ್ಲೇಟ್ ಬೇರೆ ಅಷ್ಟೇ. ಫಿಲೆಟ್ (ಮೂಲೆಯಲ್ಲಿ ಹಾಕೋ ವೆಲ್ಡ್) ಆಗಿದ್ದರೆ ರಾಡ್ ಸ್ವಲ್ಪ ಕಡಿಮೆ ತಾಕತ್ತಿನದಾದರೂ ಲೆಗ್ ದಪ್ಪ ಮಾಡಿ, ಉದ್ದ ಜಾಸ್ತಿ ಮಾಡಿ ಸರಿದೂಗಿಸಬಹುದು, ಬಟ್‌ನಲ್ಲಿ ಆ ಆಟ ನಡೆಯಲ್ಲ, ಪ್ಲೇಟ್ ಎಳೆಯುವ ಬಲವೆಲ್ಲ ಆ 16 ಎಂಎಂ ವೆಲ್ಡ್ ಮೂಲಕವೇ ದಾಟಬೇಕು. ಅದರಲ್ಲೂ ಇದು ಕೆಳ ಫ್ಲೇಂಜ್, ಕ್ರೇನ್ ಓಡಾಡಿದಾಗೆಲ್ಲ ಎಳೆತ. ಹಿಂದಿನಿಂದ ರೂಟ್ (ವೆಲ್ಡ್‌ನ ತಳ) ಗೌಜ್ ಮಾಡಿ, ಅಂದರೆ ಕೆತ್ತಿ ತೆಗೆದು, ಹೊಳೆಯುವ ಲೋಹ ಕಾಣುವವರೆಗೆ ಗ್ರೈಂಡ್ ಮಾಡಿ, ಆಮೇಲೆ ತುಂಬಿ. ಡ್ರಾಯಿಂಗ್‌ನಲ್ಲಿ ಈ ಜಾಯಿಂಟ್ ಇಲ್ಲ ಅಂದರೆ ಮೊದಲು ಡಿಸೈನರ್‌ನ ಕೇಳಿ. ಗರ್ಡರ್ ಮಧ್ಯಕ್ಕಂತೂ ಬರಬಾರದು.

ಸೈಟ್_ಇನ್ಸ್‌ಪೆಕ್ಟರ್:
ಬ್ರಾಕೆಟ್ ವಿಷಯ: ತಾಕತ್ತಿನ ಲೆಕ್ಕ ಕಡಿಮೆ ಗ್ರೇಡ್‌ನ ಪ್ಲೇಟ್‌ಗೆ ಸಾಕು, ಏನೇ ಆದರೂ ಮೊದಲು ಸೋಲೋದು ಇ250 ಕಡೆಯೇ ಅಲ್ವಾ. ಆದರೆ ಹೈಡ್ರೋಜನ್ (ರಾಡ್‌ನ ತೇವದಿಂದ ವೆಲ್ಡ್‌ಗೆ ಸೇರಿ ಕ್ರ್ಯಾಕ್ ಮಾಡುವ ಅನಿಲ) ವಿಷಯದಲ್ಲಿ ಹೆಚ್ಚಿನ ಗ್ರೇಡನ್ನೇ ನೋಡಬೇಕು. ಇ350ಯಲ್ಲಿ ಕಾರ್ಬನ್ ಈಕ್ವಿವಲೆಂಟ್ (ಸಿಇ, ಸ್ಟೀಲ್ ಎಷ್ಟು ಸುಲಭವಾಗಿ ಗಟ್ಟಿಯಾಗುತ್ತದೆ ಅನ್ನೋ ಲೆಕ್ಕ) ಜಾಸ್ತಿ ಇರಬಹುದು, ವೆಲ್ಡ್ ಪಕ್ಕದ ಜಾಗ ಗಟ್ಟಿಯಾಗುತ್ತದೆ, ಕೆಲಸ ಮುಗಿದು ಮಾರನೇ ದಿನ ಕ್ರ್ಯಾಕ್ ಕಾಣಿಸೋದೂ ಉಂಟು. ಹಾಗಾಗಿ ಅಲ್ಲೂ ಹೈಡ್ರೋಜನ್ ಕಡಿಮೆ ಬಿಡುವ 7018. ಪ್ಲೇಟ್‌ನ ಟೆಸ್ಟ್ ಸರ್ಟಿಫಿಕೇಟ್‌ನಲ್ಲಿ ಸಿಇ ನೋಡಿಕೊಳ್ಳಿ.

ಗುಂಡಣ್ಣ_ಆರ್ಕ್:
ಹಾಗಾದರೆ 9018 ಹಾಕಿದರೆ ಇನ್ನೂ ಗಟ್ಟಿ ಅಲ್ವಾ?

ಸೈಟ್_ಇನ್ಸ್‌ಪೆಕ್ಟರ್:
ಬೇಡ. ವೆಲ್ಡ್ ಮಾತ್ರ ಗಟ್ಟಿಯಾದರೆ ಪ್ಲೇಟ್ ಗಟ್ಟಿಯಾಗಲ್ಲ. ಕ್ರ್ಯಾಕ್ ಭಯ ಜಾಸ್ತಿ, ದುಡ್ಡೂ ದಂಡ.

ಮಲ್ನಾಡ್_ಶೆಡ್:
ಸರಿ, 7018 ತರಿಸುತ್ತೇನೆ. ನಮ್ಮಲ್ಲಿರೋದು ಹಳೆಯ ಎಸಿ ಟ್ರಾನ್ಸ್‌ಫಾರ್ಮರ್, ರಾಡ್ ಒಣಗಿಸೋ ಓವನ್ ಇಲ್ಲ. ಮಳೆ ಬೇರೆ ಹೊಡೀತಿದೆ.

ಕಿಡಿ_ಪೀಣ್ಯ:
ಎಸಿಯಲ್ಲೂ ಓಡುತ್ತದೆ, ಆದರೆ ಸೆಟ್‌ನ ಓಪನ್ ಸರ್ಕ್ಯೂಟ್ ವೋಲ್ಟೇಜ್ (ಆರ್ಕ್ ಹತ್ತುವ ಮೊದಲಿನ ವೋಲ್ಟೇಜ್) 70ರ ಆಸುಪಾಸು ಇರಬೇಕು, ಇಲ್ಲದಿದ್ದರೆ ರಾಡ್ ಅಂಟುತ್ತಲೇ ಇರುತ್ತದೆ. ಡಿಸಿ ಸೆಟ್ ಬಾಡಿಗೆಗೆ ಸಿಕ್ಕರೆ ತನ್ನಿ, ರಾಡ್ ಪಾಸಿಟಿವ್‌ಗೆ ಕೊಡಿ. ಓವನ್ ಮಾತ್ರ ಬಿಡೋ ಹಾಗಿಲ್ಲ. ಪ್ಯಾಕೆಟ್ ಮೇಲೆ ಬರೆದಷ್ಟು ಬಿಸಿ, ಬರೆದಷ್ಟು ಹೊತ್ತು. ಸಾಮಾನ್ಯವಾಗಿ 300 ಡಿಗ್ರಿ ಆಸುಪಾಸು. ಆಮೇಲೆ ಬಿಸಿ ಕ್ವಿವರ್‌ನಲ್ಲಿ (ರಾಡ್ ಬಿಸಿಯಾಗಿಡೋ ಡಬ್ಬಿ) ಇಟ್ಟು ಒಂದೊಂದೇ ತೆಗೆಯಿರಿ. ಕೆಲವರು ರಾಡನ್ನು ಜಾಬ್‌ಗೆ ಅಂಟಿಸಿ ಕೆಂಪಗೆ ಮಾಡಿ 'ಬಿಸಿ ಆಯ್ತು' ಅಂತಾರೆ, ಅದರಲ್ಲಿ ರಾಡ್ ಮೇಲಿನ ಫ್ಲಕ್ಸ್ ಲೇಪ ಹಾಳಾಗುತ್ತದೆ ಅಷ್ಟೇ. 6013 ರಾಡನ್ನು ಅದೇ ಓವನ್‌ಗೆ ಸುಮ್ನೆ ತುರುಕಬೇಡಿ, ಅದಕ್ಕೆ ಅಷ್ಟು ಬಿಸಿ ಆಗಿಬರಲ್ಲ.